ಕೊನೆಗಾಲದ ರೋಮಿನ ಪ್ರತಿಮೆ ಪೀಠಗಳ ಲ್ಯಾಟಿನ್ ಶಾಸನ ಓದುವುದು ಹೇಗೆ?

ರೋಮ್ ನಗರದ ಹಳೆಯ ಫೋರಂನಲ್ಲಿ (ಊರಿನ ಮುಖ್ಯ ಸಾರ್ವಜನಿಕ ಚೌಕದಲ್ಲಿ), ಸೆಪ್ಟಿಮಿಯಸ್ ಸೆವೆರಸ್ ಕಮಾನಿನ ಹತ್ತಿರ, ದೊಡ್ಡದೊಂದು ಅಮೃತಶಿಲೆಯ ಪೀಠವಿದೆ. ಅದರ ಮೇಲಿದ್ದ ಕುದುರೆ ಸವಾರನ ಪ್ರತಿಮೆ ಎಂದೋ ಹೋಗಿದೆ. ಪೀಠದ ಮೇಲಿನ ಕೆಲವು ಸಾಲು ಲ್ಯಾಟಿನ್ ಮಾತ್ರ ಇವತ್ತಿಗೂ ಓದಲು ಸಿಗುತ್ತದೆ. ಕೊನೆಗಾಲದ ರೋಮಿನ ಗೌರವ ಪ್ರತಿಮೆಗಳ ಕತೆ ಹೆಚ್ಚುಕಡಿಮೆ ಎಲ್ಲ ಕಡೆ ಹೀಗೇ. ಕಂಚಿನ ಪ್ರತಿಮೆಗಳನ್ನು ಕರಗಿಸಿದರು. ಅಮೃತಶಿಲೆಯವು ಸುಣ್ಣದ ಗೂಡಿಗೆ ಹೋದವು. ಪೀಠದ ಕಲ್ಲು ಗೋಡೆಗೋ ನೆಲಹಾಸಿಗೋ ಸೇರಿ ಉಳಿದುಕೊಂಡಿತು.

ಇಲ್ಲಿ ಕೊನೆಗಾಲ ಎಂದರೆ ಡಯೊಕ್ಲೀಷಿಯನ್ ಪಟ್ಟಕ್ಕೆ ಬಂದ 284ರಿಂದ ಏಳನೇ ಶತಮಾನದ ಶುರುವಿನವರೆಗಿನ ಕಾಲ. ಈ ಪೀಠಗಳನ್ನು ಓದಲು ಲ್ಯಾಟಿನ್ ಪಂಡಿತರೇ ಆಗಬೇಕಿಲ್ಲ. ಬರುವ ಪದಗಳು ಕಡಿಮೆ. ವಾಕ್ಯದ ಅಚ್ಚು ಹೆಚ್ಚಾಗಿ ಒಂದೇ. ಕ್ರಮವಾಗಿ ಹೋದರೆ ಮೊದಲ ದಿನವೇ ಒಂದು ಪೀಠ ಪೂರ್ತಿ ಅರ್ಥವಾಗುತ್ತದೆ.

ಶುರುವಿಗೆ ಮುಂಚೆ ಒಂದು ಮಾತು. ಈ ಶಾಸನಗಳಲ್ಲಿ ಹೊಗಳಿಕೆ ತುಂಬಾ ಇರುತ್ತದೆ, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಪ್ರತಿಮೆ ಬೇಕೆಂದು ಯಾರು ಕೇಳಿದರು, ಯಾರು ಒಪ್ಪಿಗೆ ಕೊಟ್ಟರು, ಯಾರು ಮುಂದೆ ನಿಂತು ಮಾಡಿಸಿದರು, ಈ ಮೂರನ್ನು ಹುಡುಕುತ್ತಾ ಓದಿ. ಆ ಕಾಲದ ಅಧಿಕಾರ ಹೇಗೆ ನಡೆಯುತ್ತಿತ್ತು ಎನ್ನುವುದು ಅಲ್ಲಿ ಸಿಗುತ್ತದೆ. ನನ್ನ ಮಟ್ಟಿಗೆ ಈ ಕಲ್ಲುಗಳ ನಿಜವಾದ ಬೆಲೆ ಅದೇ.

ಬೇಕಾದ ಸಾಮಾನು

ಎಲ್ಲವೂ ಮನೆಯಲ್ಲೇ ಕೂತು ಸಿಗುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ 'ಲಾಸ್ಟ್ ಸ್ಟ್ಯಾಚೂಸ್ ಆಫ್ ಆಂಟಿಕ್ವಿಟಿ' ಎಂಬ ಡೇಟಾಬೇಸ್ ಉಚಿತವಾಗಿದೆ. ಈ ಕಾಲದ ಪ್ರತಿಮೆಗಳನ್ನೂ ಪೀಠಗಳನ್ನೂ ಅದರಲ್ಲಿ ಒಟ್ಟು ಮಾಡಿದ್ದಾರೆ. ಶಾಸನದ ಪಾಠ, ಇಂಗ್ಲಿಷ್ ಅನುವಾದ, ಕಲ್ಲಿನ ವಿವರ ಮೂರೂ ಸಿಗುತ್ತವೆ. ಇದರ ಜೊತೆಗೆ ಬೇಕಾದದ್ದು ಲ್ಯಾಟಿನ್ ಶಾಸನಗಳ ಮಹಾಸಂಗ್ರಹ, ಸಿಐಎಲ್. ಥಿಯೊಡೊರ್ ಮೊಮ್ಸೆನ್ ಮುಂದಾಳತ್ವದಲ್ಲಿ 1853ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಕೆಲಸ ಅದು. ಆರನೇ ಸಂಪುಟ ರೋಮ್ ನಗರದ್ದು, ಎಂಟನೆಯದು ಉತ್ತರ ಆಫ್ರಿಕದ್ದು, ಹತ್ತನೆಯದು ದಕ್ಷಿಣ ಇಟಲಿಯದ್ದು. 'ಸಿಐಎಲ್ 6, 1158' ಎಂದು ಕಂಡರೆ ಆರನೇ ಸಂಪುಟದ 1158ನೇ ಶಾಸನ ಎಂದರ್ಥ. ಒಂದು ಲ್ಯಾಟಿನ್ ನಿಘಂಟು, ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇದ್ದರೆ ಸಾಕು.

ಹಂತ 1: ಅಕ್ಷರಕ್ಕೆ ಮುಂಚೆ ಕಲ್ಲು ನೋಡಿ

ಹೊಸಬರು ಈ ಹಂತವನ್ನೇ ಬಿಡುವುದು ಜಾಸ್ತಿ. ಫೋಟೊ ಸಿಕ್ಕರೆ ನಾಲ್ಕೂ ಮುಖದ್ದು, ಮೇಲ್ಭಾಗದ್ದು ಎಲ್ಲ ನೋಡಿ. ಮೇಲೆ ತೂತುಗಳಿವೆಯಾ? ಪಾದದ ಆಕಾರದಲ್ಲಿ ಕೊರೆದಿದ್ದರೆ ಕಂಚಿನ ಪ್ರತಿಮೆ ಇದ್ದಿರಬಹುದು. ಬೆನ್ನಿನ ಕಡೆ ಅಥವಾ ಪಕ್ಕದಲ್ಲಿ ಬೇರೆ ಬರಹ ಇದೆಯಾ? ಮುಂದಿನ ಮುಖ ಒಳಕ್ಕೆ ತಗ್ಗಾಗಿದ್ದರೆ ಹಳೆಯ ಶಾಸನವನ್ನು ಕೆತ್ತಿ ತೆಗೆದು ಹೊಸದನ್ನು ಬರೆದಿರುತ್ತಾರೆ.

ಆ ಕಾಲದಲ್ಲಿ ಹಳೆಯ ಪೀಠವನ್ನೇ ಮತ್ತೆ ಬಳಸುವುದು ಮಾಮೂಲಿ. ಇದರಿಂದ ಗೊಂದಲವೂ ಆಗುತ್ತದೆ. ಪಕ್ಕದ ಮುಖದಲ್ಲಿ ಎರಡನೇ ಶತಮಾನದ ತಾರೀಕು ಉಳಿದಿರುತ್ತದೆ, ಮುಂದೆ ನಾಲ್ಕನೇ ಶತಮಾನದ ಹೆಸರು ಇರುತ್ತದೆ. ಎರಡನ್ನೂ ಒಂದೇ ಎಂದು ಓದಿದರೆ ಇಡೀ ಲೆಕ್ಕ ತಪ್ಪುತ್ತದೆ.

ಫೋರಂನಲ್ಲೇ ಇರುವ ಇನ್ನೊಂದು ಪೀಠ (ಸಿಐಎಲ್ 6, 31987) ಇದಕ್ಕೆ ಒಳ್ಳೆಯ ಉದಾಹರಣೆ. ಅದು ಮೊದಲು ಕುದುರೆ ಸವಾರನ ಪ್ರತಿಮೆಗೆಂದು ಮಾಡಿದ ಉದ್ದನೆಯ ಪೀಠ. ಐದನೇ ಶತಮಾನದ ಶುರುವಿನಲ್ಲಿ ಅದನ್ನು ಎತ್ತಿ ಉದ್ದಕ್ಕೆ ನೆಟ್ಟಗೆ ನಿಲ್ಲಿಸಿ, ಗಾಥರು ಎಂಬ ಜರ್ಮ್ಯಾನಿಕ್ ಜನಾಂಗದ ಮೇಲಿನ ಯುದ್ಧ ಗೆದ್ದ ನೆನಪಿಗೆ ಹೊಸ ಶಾಸನ ಬರೆದರು. ಇದನ್ನು ಮುಂದೆ ಮತ್ತೆ ನೋಡೋಣ.

ಹಂತ 2: ಇದ್ದಂತೆ ಬರೆದುಕೊಳ್ಳಿ

ಸಾಲಿಗೆ ಸಾಲು, ಅಕ್ಷರಕ್ಕೆ ಅಕ್ಷರ. 'ಯು' ಮತ್ತು 'ವಿ' ಎರಡಕ್ಕೂ ಕಲ್ಲಿನಲ್ಲಿ ಒಂದೇ ರೂಪ, 'ಐ' ಮತ್ತು 'ಜೆ' ಕೂಡ ಹಾಗೆಯೇ. ಪದಗಳ ನಡುವೆ ಜಾಗ ಇಲ್ಲದಿರಬಹುದು. ಕಾಗುಣಿತ ನಿಘಂಟಿನಂತೆ ಇರದಿದ್ದರೂ ತಿದ್ದಬೇಡಿ. ಆ ಕಾಲದವರ ಬಾಯಲ್ಲಿ ಮಾತು ಹೇಗಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ.

ಅಚ್ಚಾದ ಪಾಠಗಳಲ್ಲಿ 1931ರಲ್ಲಿ ಲೈಡನ್‌ನಲ್ಲಿ ಒಪ್ಪಿಕೊಂಡ ಗುರುತುಗಳು ಇರುತ್ತವೆ. ದುಂಡು ಆವರಣದೊಳಗೆ ಇರುವುದು ಸಂಪಾದಕರು ಬಿಡಿಸಿ ಬರೆದ ಸಂಕ್ಷೇಪ. ಚೌಕ ಆವರಣದೊಳಗೆ ಇರುವುದು ಕಲ್ಲು ಒಡೆದು ಹೋದ ಭಾಗ, ಅದನ್ನು ಸಂಪಾದಕರು ಊಹಿಸಿ ತುಂಬಿದ್ದಾರೆ. ಎರಡೆರಡು ಚೌಕ ಆವರಣ ಬಂದರೆ ಬೇಕೆಂದೇ ಉಜ್ಜಿ ಅಳಿಸಿದ ಭಾಗ. ಅಕ್ಷರದ ಕೆಳಗೆ ಚುಕ್ಕಿ ಇದ್ದರೆ ಆ ಅಕ್ಷರ ಖಚಿತವಿಲ್ಲ. ಚೌಕ ಆವರಣದಲ್ಲಿರುವುದನ್ನು ಯಾವತ್ತೂ ಸಾಕ್ಷಿಯಾಗಿ ಹಿಡಿಯಬೇಡಿ. ಅದು ಎಷ್ಟೇ ಜಾಣತನದ ಊಹೆಯಾಗಿದ್ದರೂ ಕಲ್ಲು ಹೇಳಿದ್ದಲ್ಲ.

ಹಂತ 3: ಸಂಕ್ಷೇಪ ಬಿಡಿಸಿ

ಹತ್ತು ಹನ್ನೆರಡು ಸಂಕ್ಷೇಪ ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ಹೆಚ್ಚು ಸಿಗುವವು ಇವು:

ಡಿ ಎನ್: ಡೊಮಿನಸ್ ನೋಸ್ಟರ್, ನಮ್ಮ ಒಡೆಯ. ಚಕ್ರವರ್ತಿಗೆ ಮಾತ್ರ.
ಡಿಡಿ ಎನ್‌ಎನ್: ಇಬ್ಬರು ಒಡೆಯರು. ಅಕ್ಷರ ಮೂರು ಸಲ ಬಂದರೆ ಮೂವರು ಚಕ್ರವರ್ತಿಗಳು.
ವಿ ಸಿ: ವಿರ್ ಕ್ಲಾರಿಸ್ಸಿಮಸ್. ಸೆನೆಟರ್ (ರೋಮಿನ ಹಿರಿಯರ ಸಭೆ ಸೆನೆಟ್‌ನ ಸದಸ್ಯ) ದರ್ಜೆಯ ಗಂಡಸು.
ಸಿ ಎಫ್: ಕ್ಲಾರಿಸ್ಸಿಮಾ ಫೆಮಿನಾ. ಅದೇ ದರ್ಜೆಯ ಹೆಂಗಸು.
ವಿ ಪಿ: ವಿರ್ ಪೆರ್ಫೆಕ್ಟಿಸ್ಸಿಮಸ್. ಅದಕ್ಕಿಂತ ಕೆಳಗಿನ ದರ್ಜೆಯ ಅಧಿಕಾರಿ.
ಡಿ ಎನ್ ಎಮ್ ಕ್ಯು ಇ: ಚಕ್ರವರ್ತಿಯ ದೈವಶಕ್ತಿಗೂ ಮಹಿಮೆಗೂ ಭಕ್ತನಾದವನು.

ಈಗ ಮೊದಲು ಹೇಳಿದ ಪೀಠಕ್ಕೆ (ಸಿಐಎಲ್ 6, 1158) ಬರೋಣ. ಓದಿದರೆ ಹೀಗೆ ಕೇಳಿಸುತ್ತದೆ:

ರೆಸ್ಟಿಟೂಟೊರಿ ಉರ್ಬಿಸ್ ರೋಮೆ ಅಡ್‌ಕ್ವೆ ಓರ್ಬಿಸ್ / ಎಟ್ ಎಕ್ಸ್‌ಟಿಂಕ್ಟೊರಿ ಪೆಸ್ಟಿಫೆರೆ ಟಿರಾನಿಡಿಸ್ / ಡಿ ಎನ್ ಫ್ಲಾ ಯೂಲ್ ಕಾನ್‌ಸ್ಟಾಂಟಿಯೊ ವಿಕ್ಟೊರಿ ಅಕ್ ಟ್ರಿಯುಂಫಾಟೊರಿ / ಸೆಂಪೆರ್ ಔಗುಸ್ಟೊ / ನೆರಾಟಿಯಸ್ ಕೆರೆಯಾಲಿಸ್ ವಿ ಸಿ ಪ್ರೆಫೆಕ್ಟಸ್ ಉರ್ಬಿ / ವಿಕೆ ಸಾಕ್ರಾ ಯೂಡಿಕಾನ್ಸ್ ಡಿ ಎನ್ ಎಮ್ ಕ್ಯು ಎಯುಸ್

'ಡಿ ಎನ್' ಇಲ್ಲಿ ಎರಡು ಸಲ ಬಂದಿದೆ. ಮೂರನೇ ಸಾಲಿನಲ್ಲಿ ಅದು 'ನಮ್ಮ ಒಡೆಯನಿಗೆ'. ಕೊನೆಯ ಸಾಲಿನಲ್ಲಿ ಅದೇ ಎರಡು ಅಕ್ಷರ 'ದೈವಶಕ್ತಿಗೆ ಭಕ್ತ'. ಅಕ್ಷರ ನೋಡಿ ಅರ್ಥ ಹೇಳಬಾರದು, ಅದು ಕೂತ ಜಾಗ ನೋಡಿ ಹೇಳಬೇಕು. ಚಕ್ರವರ್ತಿಯ ಹೆಸರಿಗೆ ಮುಂಚೆ ಬಂದರೆ ಒಡೆಯ, ನಿಲ್ಲಿಸಿದವನ ಹೆಸರಿನ ನಂತರ ಬಂದರೆ ಭಕ್ತ.

'ಅಟ್‌ಕ್ವೆ' ಎನ್ನುವ ಕಡೆ 'ಅಡ್‌ಕ್ವೆ' ಎಂದು ಕೆತ್ತಿರುವುದನ್ನೂ ಗಮನಿಸಿ. ರೋಮಿನ ನಟ್ಟನಡುವೆ, ಚಕ್ರವರ್ತಿಯ ಪ್ರತಿಮೆಯ ಕೆಳಗೆ ಇರುವ ಕಾಗುಣಿತ ಇದು.

ಹಂತ 4: ಯಾರಿಗೆ, ಯಾರಿಂದ

ಕನ್ನಡದ ಚತುರ್ಥಿ ವಿಭಕ್ತಿ ನೆನಪಿದೆ ಅಲ್ವಾ? 'ರಾಮನಿಗೆ', 'ಅವಳಿಗೆ'. ಗೌರವ ಪಡೆದವರ ಹೆಸರು ಸಾಮಾನ್ಯವಾಗಿ ಆ ವಿಭಕ್ತಿಯಲ್ಲೇ ಬರುತ್ತದೆ. ಲ್ಯಾಟಿನ್‌ನಲ್ಲಿ ಕೊನೆಗೆ 'ಓ', 'ಇ' ಅಥವಾ 'ಎ' ಕೇಳಿಸುತ್ತದೆ. ಕಾನ್‌ಸ್ಟಾಂಟಿಯೊ, ವಿಕ್ಟೊರಿ, ಔಗುಸ್ಟೊ ಎಲ್ಲಕ್ಕೂ 'ಗೆ' ಹಚ್ಚಿ. ನಿಲ್ಲಿಸಿದವನ ಹೆಸರು ಪ್ರಥಮಾ ವಿಭಕ್ತಿಯಲ್ಲಿ, 'ಉಸ್' ಅಥವಾ 'ಇಸ್' ಎಂದು ಮುಗಿಯುತ್ತದೆ. ಅದರ ಕೆಳಗೆ ಗೆರೆ ಎಳೆಯಿರಿ.

ಈಗ ಶಾಸನ ತಾನಾಗಿ ಬಿಚ್ಚಿಕೊಳ್ಳುತ್ತದೆ: ರೋಮ್ ನಗರವನ್ನೂ ಜಗತ್ತನ್ನೂ ಮತ್ತೆ ಎತ್ತಿ ನಿಲ್ಲಿಸಿದವನಿಗೆ, ಪಿಡುಗಿನಂಥ ದಬ್ಬಾಳಿಕೆಯನ್ನು ಅಳಿಸಿ ಹಾಕಿದವನಿಗೆ, ನಮ್ಮ ಒಡೆಯ ಫ್ಲಾವಿಯಸ್ ಯೂಲಿಯಸ್ ಕಾನ್‌ಸ್ಟಾಂಟಿಯಸ್‌ಗೆ, ಗೆದ್ದವನಿಗೆ, ವಿಜಯದ ಮೆರವಣಿಗೆಗೆ ಅರ್ಹನಾದವನಿಗೆ, ಎಂದೆಂದಿಗೂ ಅಗಸ್ಟಸ್ (ಚಕ್ರವರ್ತಿಯ ಬಿರುದು) ಆಗಿರುವವನಿಗೆ, ನೆರಾಟಿಯಸ್ ಕೆರೆಯಾಲಿಸ್, ಸೆನೆಟರ್, ನಗರದ ಪ್ರಿಫೆಕ್ಟ್ (ನಗರದ ಮುಖ್ಯ ಆಡಳಿತಾಧಿಕಾರಿ), ಚಕ್ರವರ್ತಿಯ ಪರವಾಗಿ ನ್ಯಾಯ ಹೇಳುವವನು, ಆತನ ದೈವಶಕ್ತಿಗೂ ಮಹಿಮೆಗೂ ಭಕ್ತ.

ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. 'ನಿಲ್ಲಿಸಿದನು' ಎನ್ನುವುದು ಓದುವವರಿಗೆ ಗೊತ್ತಿರುವ ಮಾತು, ಅದಕ್ಕೇ ಬಿಟ್ಟಿದ್ದಾರೆ. ಇದ್ದರೆ 'ಪೊಸುಯಿಟ್' ಅಥವಾ 'ಕೊಲ್ಲೊಕಾವಿಟ್' ಎಂದು ಇರುತ್ತದೆ. ಅಳಿಸಿ ಹಾಕಿದ ದಬ್ಬಾಳಿಕೆ ಯಾರದ್ದು? 350ರಲ್ಲಿ ದಂಗೆ ಎದ್ದು ಇಟಲಿಯನ್ನೂ ಹಿಡಿದಿದ್ದ ಮ್ಯಾಗ್ನೆಂಟಿಯಸ್‌ದು. ಅವನ ಹೆಸರು ಬರೆಯಲೂ ಮನಸ್ಸಿಲ್ಲ, ಸುಮ್ನೆ 'ದಬ್ಬಾಳಿಕೆ' ಎಂದು ಬಿಟ್ಟಿದ್ದಾರೆ. ಕೆರೆಯಾಲಿಸ್ ನಗರದ ಪ್ರಿಫೆಕ್ಟ್ ಆಗಿದ್ದು 352-353ರಲ್ಲಿ. ಅಂದರೆ ರೋಮ್ ಕಾನ್‌ಸ್ಟಾಂಟಿಯಸ್ ಕೈಗೆ ಮರಳಿದ ಕೂಡಲೇ ಈ ಪ್ರತಿಮೆ ಎದ್ದಿತು. ನಿನ್ನೆವರೆಗೆ ಬೇರೆಯವನ ಆಳ್ವಿಕೆಯಲ್ಲಿದ್ದ ನಗರ ಇವತ್ತು ತನ್ನ ನಿಷ್ಠೆ ತೋರಿಸುತ್ತಿದೆ.

ಕೆಲವು ಪೀಠಗಳಲ್ಲಿ ಎಲ್ಲಕ್ಕಿಂತ ಮೇಲೆ ಒಂಟಿ ಪದವೊಂದು ಇರುತ್ತದೆ, ಹೆಚ್ಚಾಗಿ ಷಷ್ಠಿ ವಿಭಕ್ತಿಯಲ್ಲಿ. ಅದು ಆ ವ್ಯಕ್ತಿಯನ್ನು ಆಪ್ತರು ಕರೆಯುತ್ತಿದ್ದ ಹೆಸರು. ನೇಪಲ್ಸ್ ಹತ್ತಿರದ ಪುಟಿಯೊಲಿಯಲ್ಲಿ ಸಿಕ್ಕ ಪೀಠವೊಂದರ ನೆತ್ತಿಯ ಮೇಲೆ 'ಮಾವೊರ್ಟಿಯಿ' ಎಂದಿದೆ. ಕೆಳಗೆ ಲೊಲ್ಲಿಯಾನಸ್ ಎಂಬ ಸೆನೆಟರ್‌ನ ಪೂರ್ತಿ ಹೆಸರು, ಅವನು ಹೊತ್ತ ಹುದ್ದೆಗಳು. ನಿಲ್ಲಿಸಿದವರು ಆ ಊರಿನ ಡೆಕಾಟ್ರೆನ್ಸಿಸ್ ಎಂಬ ಒಂದು ಗುಂಪಿನವರು. ತಾವು ಅವನ ಆಶ್ರಿತರು ಎಂದು ಅವರೇ ಹೇಳಿಕೊಂಡಿದ್ದಾರೆ. ಪ್ರತಿಮೆ ಚಕ್ರವರ್ತಿಗಳ, ಪ್ರಿಫೆಕ್ಟರ ಕೆಲಸ ಮಾತ್ರ ಆಗಿರಲಿಲ್ಲ.

ಹಂತ 5: ಒಪ್ಪಿಗೆ ಯಾರದ್ದು?

ಇಲ್ಲಿ ನಿಧಾನವಾಗಿ ಓದಿ. ಖಾಸಗಿ ವ್ಯಕ್ತಿಯ ಪ್ರತಿಮೆ ರೋಮಿನ ದೊಡ್ಡ ಸಾರ್ವಜನಿಕ ಜಾಗದಲ್ಲಿ ನಿಲ್ಲಬೇಕಾದರೆ ಚಕ್ರವರ್ತಿಯ ಕೃಪೆ ಬೇಕಿತ್ತು. ಹುದ್ದೆಯಲ್ಲಿರುವಾಗ ಚಕ್ರವರ್ತಿಯ ಅನುಮತಿ ಇಲ್ಲದೆ ಕಂಚಿನ, ಬೆಳ್ಳಿಯ ಅಥವಾ ಅಮೃತಶಿಲೆಯ ಪ್ರತಿಮೆ ಪಡೆದ ಅಧಿಕಾರಿಗೆ ನಾಲ್ಕು ಪಟ್ಟು ದಂಡ ಎಂದು 398ರ ಒಂದು ಕಾನೂನು ಹೇಳುತ್ತದೆ. ಅಷ್ಟು ಆಸೆಯ ವಸ್ತು ಅದು.

ಟ್ರಾಜನ್ ಫೋರಂನಲ್ಲಿ ನಿಂತಿದ್ದ ಕವಿ ಕ್ಲಾಡಿಯನ್‌ನ ಪೀಠ (ಸಿಐಎಲ್ 6, 1710) ಈಗ ನೇಪಲ್ಸ್ ಮ್ಯೂಸಿಯಂನಲ್ಲಿದೆ. ನನಗೆ ಈ ಗುಂಪಿನಲ್ಲೇ ಅತಿ ಪ್ರೀತಿಯ ಶಾಸನ ಇದು. ಕ್ಲಾಡಿಯನ್ ಆಸ್ಥಾನದಲ್ಲಿ ಟ್ರಿಬ್ಯೂನ್ ಮತ್ತು ನೊಟೇರಿಯಸ್ ಎಂಬ ಹುದ್ದೆಯಲ್ಲಿದ್ದ. ಶಾಸನ ಅದನ್ನು ಮೊದಲು ಹೇಳಿ, ಆಮೇಲೆ ಕವಿಗಳಲ್ಲಿ ಅತ್ಯಂತ ಕೀರ್ತಿವಂತ ಎನ್ನುತ್ತದೆ. ನಂತರದ ಮಾತು ಅಪರೂಪದ್ದು: ಎಂದೆಂದಿಗೂ ನೆನಪು ಉಳಿಯಲು ಅವನು ಬರೆದ ಕವಿತೆಗಳೇ ಸಾಕು, ಆದರೂ ಅವನ ಮೇಲಿನ ನಂಬಿಕೆಗೆ ಸಾಕ್ಷಿಯಾಗಲೆಂದು ಈ ಪ್ರತಿಮೆ.

ಈಗ ಕೇಳಿದ್ದು ಯಾರು, ಒಪ್ಪಿದ್ದು ಯಾರು, ನಿಲ್ಲಿಸಿದ್ದು ಎಲ್ಲಿ ಎಂದು ಮೂರು ಪ್ರಶ್ನೆ ಹಾಕಿ. 'ಸೆನಾಟು ಪೆಟೆಂಟೆ', ಅಂದರೆ ಸೆನೆಟ್ ಕೇಳಿಕೊಂಡಾಗ. ಕೇಳಿದ್ದು ಸೆನೆಟ್. 'ಯುಸ್ಸೆರುಂಟ್', ಅಂದರೆ ಆಜ್ಞೆ ಮಾಡಿದರು. ಯಾರು? ನಮ್ಮ ಒಡೆಯರಾದ ಆರ್ಕೇಡಿಯಸ್ ಮತ್ತು ಹೊನೊರಿಯಸ್. ಎಲ್ಲಿ? 'ಇನ್ ಫೊರೊ ಡಿವಿ ಟ್ರಾಯಾನಿ', ಟ್ರಾಜನ್ ಫೋರಂನಲ್ಲಿ. ಕೇಳಿದವರು, ಒಪ್ಪಿದವರು, ಜಾಗ, ಎಲ್ಲ ಸಿಕ್ಕಿತು. ಕೊನೆಗೆ ಎರಡು ಸಾಲು ಗ್ರೀಕ್ ಪದ್ಯ: ವರ್ಜಿಲನ ಮನಸ್ಸು, ಹೋಮರನ ಕಾವ್ಯದೇವತೆ, ಎರಡೂ ಒಬ್ಬನಲ್ಲೇ ಇರುವ ಕ್ಲಾಡಿಯನ್‌ನನ್ನು ರೋಮ್ ಮತ್ತು ದೊರೆಗಳು ನಿಲ್ಲಿಸಿದರು. ಪ್ರತಿಮೆ ಕಂಚಿನದ್ದು ಎನ್ನುವುದು ಕ್ಲಾಡಿಯನ್ ತಾನೇ ಬರೆದ ಇನ್ನೊಂದು ಪದ್ಯದಿಂದ ತಿಳಿಯುತ್ತದೆ.

ಊರುಗಳಲ್ಲಿ ಇಷ್ಟು ದೊಡ್ಡ ಸರಣಿ ಇರುವುದಿಲ್ಲ. 'ಓರ್ಡೊ' ಎಂದು ಕಂಡರೆ ಊರಿನ ಕೌನ್ಸಿಲ್, 'ಪೊಪುಲುಸ್' ಎಂದರೆ ಜನ, 'ಪಾಟ್ರೊನೊ' ಎಂದರೆ ತಮ್ಮ ಪೋಷಕನಿಗೆ, 'ಓಬ್ ಮೆರಿಟಾ' ಎಂದರೆ ಮಾಡಿದ ಉಪಕಾರಕ್ಕೆ.

ಹೆಂಗಸರು ನಿಲ್ಲಿಸಿದ ಪೀಠಗಳನ್ನು ಬಿಡಬೇಡಿ. ಫೇಬಿಯಾ ಪೌಲಿನಾ ಎಂಬ ಸೆನೆಟರ್ ಮನೆತನದವಳು ವೆಸ್ಟಾ ದೇವಿಯ ಹಿರಿಯ ಕನ್ಯಾ ಪೂಜಾರಿಣಿ ಸೀಲಿಯಾ ಕಾಂಕಾರ್ಡಿಯಾಗೆ ಪ್ರತಿಮೆ ಮಾಡಿಸಿದಳು (ಸಿಐಎಲ್ 6, 2145). ಕಾರಣ ಎರಡು ಕೊಟ್ಟಿದ್ದಾಳೆ. ಒಂದು, ಆಕೆಯ ಶೀಲ ಮತ್ತು ದೈವಭಕ್ತಿ. ಇನ್ನೊಂದು, ಪೌಲಿನಾಳ ಗಂಡ ಪ್ರೇಟೆಕ್ಸ್‌ಟಾಟಸ್‌ಗೆ ಕಾಂಕಾರ್ಡಿಯಾ ಮೊದಲು ಪ್ರತಿಮೆ ನಿಲ್ಲಿಸಿದ್ದಳು. ಪ್ರೇಟೆಕ್ಸ್‌ಟಾಟಸ್ ತೀರಿಕೊಂಡಿದ್ದು 384ರಲ್ಲಿ. ವೆಸ್ಟಾ ಕನ್ಯೆಯರು ಒಬ್ಬ ಗಂಡಸಿಗೆ ಪ್ರತಿಮೆ ನಿಲ್ಲಿಸುವುದು ಸಂಪ್ರದಾಯವಲ್ಲ ಎಂದು ಅವನ ಗೆಳೆಯ ಸಿಮ್ಮಾಕಸ್ ಪತ್ರವೊಂದರಲ್ಲಿ ವಿರೋಧಿಸಿದ್ದ. ಅವರು ಕೇಳಲಿಲ್ಲ. ಒಂದು ಪ್ರತಿಮೆಗೆ ಇನ್ನೊಂದು ಪ್ರತಿಮೆಯ ಉತ್ತರ, ಅದೂ ಹಳೆಯ ದೇವರುಗಳ ಪೂಜೆ ಕೊನೆಯಾಗುತ್ತಿದ್ದ ಹೊತ್ತಿನಲ್ಲಿ. ಕಲ್ಲು ಉಳಿಯದಿದ್ದರೆ ಪೌಲಿನಾಳ ಈ ಮಾತು ನಮಗೆ ಸಿಗುತ್ತಲೇ ಇರಲಿಲ್ಲ.

ಹಂತ 6: ಕಾಲ ಹಿಡಿಯಿರಿ

ಅದೃಷ್ಟವಿದ್ದರೆ ಪಕ್ಕದ ಮುಖದಲ್ಲಿ 'ಡೆಡಿಕಾಟಾ' ಎಂದು ತಾರೀಕು ಇರುತ್ತದೆ. ಕವಿಯೂ ಸೈನಿಕನೂ ಆಗಿದ್ದ ಮೆರೊಬಾಡೆಸ್‌ನ ಪೀಠದಲ್ಲಿ (ಸಿಐಎಲ್ 6, 1724) ಹೀಗಿದೆ: ಆಗಸ್ಟ್ ಕಲೆಂಡ್ಸ್‌ಗೆ ಮೂರನೇ ದಿನ, ಚಕ್ರವರ್ತಿಗಳಾದ ಥಿಯೊಡೋಸಿಯಸ್ 15ನೇ ಸಲ ಮತ್ತು ವ್ಯಾಲೆಂಟಿನಿಯನ್ 4ನೇ ಸಲ ಕಾನ್ಸಲ್ (ವರ್ಷಕ್ಕೆ ತಮ್ಮ ಹೆಸರು ಕೊಡುವ ಇಬ್ಬರು ಉನ್ನತ ಅಧಿಕಾರಿಗಳು) ಆಗಿದ್ದಾಗ. ಕಲೆಂಡ್ಸ್ ಎಂದರೆ ತಿಂಗಳ ಮೊದಲ ದಿನ. ರೋಮನ್ನರು ಹಿಂದಕ್ಕೆ ಎಣಿಸುವಾಗ ಆ ದಿನವನ್ನೂ ಸೇರಿಸುತ್ತಾರೆ. ಆಗಸ್ಟ್ 1 ಒಂದು, ಜುಲೈ 31 ಎರಡು, ಜುಲೈ 30 ಮೂರು. ವರ್ಷಕ್ಕೆ ಕಾನ್ಸಲ್‌ಗಳ ಪಟ್ಟಿ ನೋಡಿದರೆ 435. ಹಾಗಾದರೆ 435ರ ಜುಲೈ 30.

ತಾರೀಕು ಇಲ್ಲದಿದ್ದರೆ ಚಕ್ರವರ್ತಿಗಳನ್ನು ಎಣಿಸಿ. ಕ್ಲಾಡಿಯನ್ ಪೀಠದಲ್ಲಿ ಇಬ್ಬರೇ ಇದ್ದಾರೆ. ಆರ್ಕೇಡಿಯಸ್‌ನ ಮಗ ಎರಡನೇ ಥಿಯೊಡೋಸಿಯಸ್ 402ರ ಜನವರಿಯಲ್ಲಿ ಅಗಸ್ಟಸ್ ಆದ. ಅವನ ಹೆಸರಿಲ್ಲ, ಆದ್ದರಿಂದ ಪೀಠ ಅದಕ್ಕಿಂತ ಮುಂಚಿನದ್ದು. ನೆಟ್ಟಗೆ ನಿಲ್ಲಿಸಿದ ಗಾಥ್ ಯುದ್ಧದ ಪೀಠದಲ್ಲಿ ಮೂವರೂ ಇದ್ದಾರೆ. ಆರ್ಕೇಡಿಯಸ್ 408ರ ಮೇ ತಿಂಗಳಲ್ಲಿ ತೀರಿಕೊಂಡ. ಹಾಗಾಗಿ ಅದು 402 ಮತ್ತು 408ರ ನಡುವಿನದ್ದು. ಹುದ್ದೆಗಳಿಂದ ಇನ್ನೂ ಬಿಗಿಯಾಗಿ ಹಿಡಿಯಬಹುದು. ವಿ ಪಿ ದರ್ಜೆ ಡಯೊಕ್ಲೀಷಿಯನ್, ಕಾನ್‌ಸ್ಟಂಟೈನ್ ಕಾಲದಲ್ಲಿ ಧಾರಾಳ. ಕ್ಲಾರಿಸ್ಸಿಮಸ್‌ಗಿಂತ ಮೇಲೆ 'ಸ್ಪೆಕ್ಟಾಬಿಲಿಸ್', 'ಇಲ್ಲುಸ್ಟ್ರಿಸ್' ಎಂಬ ದರ್ಜೆಗಳು ಕಂಡರೆ ನಾಲ್ಕನೇ ಶತಮಾನದ ಕೊನೆ ಅಥವಾ ಅದರ ನಂತರದ್ದು ಎಂದು ಊಹಿಸಬಹುದು.

ಹಂತ 7: ಅಳಿಸಿದ್ದನ್ನೂ ಓದಿ

ಗಾಥ್ ಯುದ್ಧದ ಪೀಠ ಯಾರಿಗೆ? ವಿಭಕ್ತಿ ನೋಡಿ. ಸೈನಿಕರ ನಿಷ್ಠೆಗೆ ಮತ್ತು ಶೌರ್ಯಕ್ಕೆ. ಹೊನೊರಿಯಸ್‌ನ ಅದೃಷ್ಟದಿಂದ, ಸೇನಾಪತಿಯ ಬುದ್ಧಿ ಮತ್ತು ಧೈರ್ಯದಿಂದ ಯುದ್ಧ ಮುಗಿಯಿತು ಎಂದು ಶಾಸನ ಹೇಳುತ್ತದೆ. ಆ ಸೇನಾಪತಿಯ ಹೆಸರು ಇರಬೇಕಾದ ಜಾಗವನ್ನು ಉಳಿಯಿಂದ ಉಜ್ಜಿದ್ದಾರೆ. ಅದು ಸ್ಟಿಲಿಕೊ. 408ರ ಆಗಸ್ಟ್‌ನಲ್ಲಿ ಅವನನ್ನು ಕೊಲ್ಲಿಸಿದ ಮೇಲೆ ಹೆಸರನ್ನೂ ತೆಗೆದರು. ಸೈನಿಕರು ಉಳಿದರು, ಚಕ್ರವರ್ತಿ ಉಳಿದ, ಕೊನೆಗೆ ಸೆನೆಟ್ ಮತ್ತು ಜನ, ಉಸ್ತುವಾರಿ ಮಾಡಿದ ಪ್ರಿಫೆಕ್ಟ್ ಪಿಸಿಡಿಯಸ್ ರೊಮುಲಸ್ ಉಳಿದರು. ಹೀಗೆ ಉಜ್ಜಿದ ಜಾಗ ಸಿಕ್ಕರೆ ಎಷ್ಟು ಸಾಲು, ಯಾವ ಪದದಿಂದ ಯಾವ ಪದದವರೆಗೆ ಎಂದು ಬರೆದುಕೊಳ್ಳಿ. ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಫೋಟೊದಲ್ಲಿ ಉಜ್ಜಿದ ಅಕ್ಷರಗಳೂ ಕೆಲವು ಸಲ ಕಾಣುತ್ತವೆ.

ಇದರ ಉಲ್ಟಾ ಕೂಡ ಆಗುತ್ತದೆ. ನಿಕೊಮಾಕಸ್ ಫ್ಲಾವಿಯಾನಸ್ ದಂಗೆಕೋರ ಯೂಜೀನಿಯಸ್ ಪಕ್ಷ ಸೇರಿ, 394ರಲ್ಲಿ ಸೋತ ಮೇಲೆ ಪ್ರಾಣ ಬಿಟ್ಟವನು. 431ರಲ್ಲಿ ಅವನಿಗೆ ಟ್ರಾಜನ್ ಫೋರಂನಲ್ಲಿ ಮತ್ತೆ ಗೌರವ ಸಿಕ್ಕಿತು (ಸಿಐಎಲ್ 6, 1783). ಆ ಪೀಠದಲ್ಲಿ ಹುದ್ದೆಗಳ ಪಟ್ಟಿಯ ಜೊತೆಗೆ ಚಕ್ರವರ್ತಿಗಳು ಸೆನೆಟ್‌ಗೆ ಬರೆದ ಪತ್ರವೇ ಇದೆ. ಮುಂದೆ ನಿಂತು ಮಾಡಿಸಿದ್ದು ಮೊಮ್ಮಗ ಡೆಕ್ಸ್‌ಟರ್. ಪತ್ರವನ್ನು ಯಾಕೆ ಕೆತ್ತಿಸಿದ? ಅನುಮತಿಯೇ ಅಲ್ಲಿ ಮುಖ್ಯ ಸುದ್ದಿ. ಅಜ್ಜನ ಹೆಸರು ಮತ್ತೆ ಶುದ್ಧವಾಯಿತು ಎಂದು ಊರಿಗೆಲ್ಲ ತೋರಿಸಬೇಕಿತ್ತು.

ಹಂತ 8: ನಿಮ್ಮ ಟಿಪ್ಪಣಿ ಬರೆಯಿರಿ

ಒಂದು ಪೀಠಕ್ಕೆ ಒಂದು ಪುಟ. ಸಿಕ್ಕ ಜಾಗ, ಈಗ ಇರುವ ಜಾಗ, ಕಲ್ಲಿನ ಹಿಂದಿನ ಬಳಕೆ, ಇದ್ದಂತೆ ಪಾಠ, ಬಿಡಿಸಿದ ಪಾಠ, ಕನ್ನಡ ಅನುವಾದ, ಕೇಳಿದವರು, ಒಪ್ಪಿದವರು, ಮಾಡಿಸಿದವರು, ಕಾಲ, ಕಾಲಕ್ಕೆ ಆಧಾರ. ಅನುವಾದ ಮಾಡುವಾಗ ಬಿರುದುಗಳನ್ನು ಒಂದೇ ರೀತಿಯಲ್ಲಿ ಬರೆಯಿರಿ. ಒಂದು ಕಡೆ 'ಶ್ರೇಷ್ಠ', ಇನ್ನೊಂದು ಕಡೆ 'ಮಾನ್ಯ' ಎಂದರೆ ದರ್ಜೆ ಗೊತ್ತಾಗುವುದಿಲ್ಲ. ಕ್ಲಾರಿಸ್ಸಿಮಸ್ ಎಂದೇ ಇಟ್ಟರೂ ತಪ್ಪಿಲ್ಲ.

ಪೀಠ ಎಂದ ಮಾತ್ರಕ್ಕೆ ಗೌರವದ್ದು ಎಂದುಕೊಳ್ಳಬೇಡಿ. ಪ್ರೊಬಿಯಾನಸ್ ಎಂಬ ಪ್ರಿಫೆಕ್ಟ್ ತಾನು ರಿಪೇರಿ ಮಾಡಿಸಿದ ಬೆಸಿಲಿಕಾ ಯೂಲಿಯಾ ಎಂಬ ದೊಡ್ಡ ಸಭಾಂಗಣಕ್ಕೆ ಅಲಂಕಾರಕ್ಕೆಂದು ಪ್ರತಿಮೆಗಳನ್ನು ಇರಿಸಿದ. ಆ ಪೀಠಗಳಲ್ಲಿ ಅವನ ಹೆಸರಷ್ಟೇ ಇದೆ. 'ಗೆ' ವಿಭಕ್ತಿಯಲ್ಲಿ ಯಾರೂ ಇಲ್ಲ.

ಮೊದಲು ಕಾನ್‌ಸ್ಟಾಂಟಿಯಸ್‌ನ ಪೀಠವನ್ನು ನೀವೇ ಒಮ್ಮೆ ಬಿಡಿಸಿ. ಆಮೇಲೆ ಸೀಲಿಯಾ ಕಾಂಕಾರ್ಡಿಯಾ, ಆಮೇಲೆ ಕ್ಲಾಡಿಯನ್. ಫ್ಲಾವಿಯಾನಸ್ ಪೀಠ ಉದ್ದ, ಪತ್ರದ ಲ್ಯಾಟಿನ್ ಕಷ್ಟ, ಅದನ್ನು ಸ್ವಲ್ಪ ಪಳಗಿದ ಮೇಲೆ ತೆಗೆದುಕೊಳ್ಳಿ. ಕಡೆಗೆ ಫೋರಂನ ಫೋಕಾಸ್ ಕಂಬಕ್ಕೆ ಬನ್ನಿ (ಸಿಐಎಲ್ 6, 1200). ಇಟಲಿಯ ಎಕ್ಸಾರ್ಕ್ (ಚಕ್ರವರ್ತಿಯ ಪರವಾಗಿ ಆಳುವ ಅಧಿಕಾರಿ) ಆಗಿದ್ದ ಸ್ಮರಾಗ್ಡಸ್ 608ರ ಆಗಸ್ಟ್ 1ರಂದು, ಹಳೆಯ ಕಂಬವೊಂದರ ಮೇಲೆ ಚಕ್ರವರ್ತಿ ಫೋಕಾಸ್‌ನ ಚಿನ್ನದ ಹೊಳಪಿನ ಪ್ರತಿಮೆ ಇರಿಸಿ ಬರೆಸಿದ ಶಾಸನ ಅದು. ಚಕ್ರವರ್ತಿಯ ಹೆಸರನ್ನು ಮುಂದೆ ಉಜ್ಜಿದ್ದಾರೆ, ಹಲವು ಕಡೆ ಚೌಕ ಆವರಣ ಬರುತ್ತದೆ. ವರ್ಷವನ್ನು ಕಾನ್ಸಲ್‌ಗಳ ಹೆಸರಿನ ಬದಲು, 15 ವರ್ಷದ ಇಂಡಿಕ್ಷನ್ ಚಕ್ರದ 11ನೇ ವರ್ಷ ಮತ್ತು ಫೋಕಾಸ್ ಕಾನ್ಸಲ್ ಆದ ನಂತರದ 5ನೇ ವರ್ಷ ಎಂದು ಕೊಟ್ಟಿದ್ದಾರೆ. ಮೇಲಿನ ಎಂಟೂ ಹಂತ ಅಲ್ಲಿ ಒಟ್ಟಿಗೆ ಕೆಲಸಕ್ಕೆ ಬರುತ್ತವೆ.